ಜಂತಿಗೆ ನೇತುಹಾಕಿದ ಚೀಲ

ಎಡಗೈಯಿಂದ ಅತ್ತೆಯ ತಲೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದು, ಬಲಗೈಯಿಂದ ಅದರಡಿಯ ಲೈಫ್ ಜಾಕೆಟನ್ನು ಮಾಕುರೀಟಾ ಸರಕ್ಕನೆ ಎಳೆದುಕೊಂಡಳು. ತಲೆ ಮತ್ತೆ ಚಾಪೆಗೆ ತಗಲುವ ಮೊದಲೇ ಕಿನಾಯಜ್ಜಿಗೆ ಎಚ್ಚರವಾಯಿತು.

“ಏನೇ ಇದು? ಉಸಿರಾಡ್ತಾ ಇರೋವಾಗ್ಲೇ ತಲೆದಿಂಬು ಕಿತ್ಕೋತೀಯಲ್ಲ!”

“ಇದು ದಿಂಬಲ್ಲ ಅತ್ತೆ. ನಿಮ್ಮ ಮಗ ಮೈಮೇಲೆ ಹಾಕ್ಕೊಳ್ಳೋದು.”

“ಅವನು ಯಾವತ್ತು ಹಾಕ್ಕೊಂಡಿದ್ದಾನೆ?”

“ನೀವು ತಲೆ ಕೆಳಗೆ ಹಾಕ್ಕೊಂಡ್ರೆ ಅವನು ಎಲ್ಲಿಂದ ಹಾಕ್ಕೋತಾನೆ?”

ಉತ್ತರಕ್ಕೆ ಕಾಯದೆ ಅವಳು ಕಂಬಗಳ ಮೇಲೆ ನಿಂತ ತಮ್ಮ ಮನೆ, ಬೂಯಾದ ಕಟ್ಟೆಯಿಂದ ಧುಮುಕಿ ದಡದ ಕಡೆ ಓಡಿದಳು. ಒಂದು ಹೆಗಲಲ್ಲಿ ಜಾಕೆಟ್, ಇನ್ನೊಂದರಲ್ಲಿ ಕಿತ್ತಳೆ ಬಣ್ಣದ ಚೀಲ. ಚೀಲ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ತುಂಬಿದ ಚೀಲ ಹಾಗೆ ಹೊಡೆದುಕೊಳ್ಳುವುದಿಲ್ಲ.

ಗಂಡ ಬೆಟೇರೊ ದೋಣಿಯನ್ನು ಮೊಣಕಾಲುದ್ದ ನೀರಿಗೆ ತಳ್ಳಿಯಾಗಿತ್ತು. ಹೊರಗಡಲಿನ ಮೇಲೆ, ಹವಳದ ದಿಬ್ಬದಾಚೆ, ಹಕ್ಕಿಗಳು ಕಪ್ಪು ಹೊಗೆಯ ಹಾಗೆ ಸುತ್ತುತ್ತಿದ್ದವು. ಅವುಗಳ ಕೆಳಗೆ ಟ್ಯೂನಾ ಮೀನು ಇದ್ದೇ ಇರುತ್ತದೆ. ಉಳಿದ ದೋಣಿಗಳು ಆಗಲೇ ಹೊರಟುಹೋಗಿದ್ದವು. ಮಾಕುರೀಟಾ ನೀರಿಗಿಳಿದು ಬಂದವಳೇ ದೋಣಿಯ ಮೂತಿಯ ಮೇಲೆ ಹತ್ತಿ ಕೂತುಬಿಟ್ಟಳು.

“ಇಳಿ ಮಾಕು. ಹಕ್ಕಿ ನೋಡು, ಎಲ್ಲಾ ಹಾರಿಹೋಗ್ತವೆ.”

“ಇದರಲ್ಲಿದ್ದ ಕನ್ನಡಿ ಎಲ್ಲಿ?”

“ಅಕ್ಕ ಕೇಳಿದ್ಲು.”

“ಸೀಟಿ?”

“ವಾಲಿಬಾಲ್ ಆಡ್ಸೋರು ಕೇಳಿದ್ರು. ಅಂಪೈರಿಗೆ ಸೀಟಿ ಬೇಡ್ವಾ?”

“ಹಗ್ಗ? ನೀರಿನ ಕ್ಯಾನು? ಇನ್ನೊಂದು ಜಾಕೆಟ್ಟು?”

ಬೆಟೇರೊ ಎಂಜಿನ್ನಿನ ಮೇಲೆ ಕೈಯಿಟ್ಟು ಆಕಾಶ ನೋಡಿದ. “ಕೇಳಿದ್ರು ಮಾಕು. ಬಂದು ಕೂತು ಬುಬುಸಿ ಅಂದ್ರೆ ನಾನೇನ್ ಮಾಡ್ಲಿ?”

ಏನೂ ಮಾಡುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನೆಂಟನೊಬ್ಬ ಬಂದು ಚಾಪೆಯ ಮೇಲೆ ಕೂತು ‘ಬುಬುಸಿ’ ಎಂದು ಒಂದು ವಸ್ತುವಿನ ಹೆಸರು ಹೇಳಿದನೆಂದರೆ ಅದು ಅವನದಾಯಿತು. ಇಲ್ಲ ಎಂದವನ ಸುದ್ದಿ ಸಂಜೆಯೊಳಗೆ ಸಭಾಮನೆಯಲ್ಲಿ ಕೂತಿರುತ್ತಿತ್ತು. ಅವನ ಮಕ್ಕಳಿಗೆ ಹೆಣ್ಣು ಕೇಳುವಾಗಲೂ ಅದು ಎದ್ದು ಬರುತ್ತಿತ್ತು.

ಚೀಲದಲ್ಲಿ ಉಳಿದದ್ದು ಒಂದೇ, ಹಳದಿ ಡಬ್ಬಿ. ಅಂಗೈಯಷ್ಟಗಲ, ಮೇಲೊಂದು ಮುಚ್ಚಳ, ಮುಚ್ಚಳದ ಕೆಳಗೆ ಕೆಂಪು ಗುಂಡಿ. ಅದನ್ನು ಯಾರೂ ಕೇಳಿರಲಿಲ್ಲ. ಅದರಿಂದ ಏನು ಉಪಯೋಗವೆಂದು ಯಾರಿಗೂ ಗೊತ್ತಿರಲಿಲ್ಲ.

ಮಾಕುರೀಟಾಳಿಗೆ ಗೊತ್ತಿತ್ತು. ಮೀನುಗಾರಿಕೆ ಇಲಾಖೆಯ ಉರಿಯಾಮ್ ರಾಜಧಾನಿ ತಾರವಾದಿಂದ ಬಂದು ಸಭಾಮನೆಯಲ್ಲಿ ಪಾಠ ಮಾಡಿ ಈ ಚೀಲಗಳನ್ನು ಹಂಚಿದಾಗ ಬೆಟೇರೊ ಕಂಬಕ್ಕೊರಗಿ ತೂಕಡಿಸುತ್ತಿದ್ದ. ಅವನಿಗೆ ಊಟ ಕೊಡಲು ಹೋದ ಇವಳು ಅಲ್ಲೇ ಕೂತಳು. ಕನ್ನಡಿಯ ನಡುವೆ ತೂತು ಯಾಕೆ? ಆ ತೂತಿನಲ್ಲಿ ಕಣ್ಣಿಟ್ಟು ದೂರದ ಹಡಗಿಗೆ ಬೆಳಕು ಗುರಿಯಿಡುವುದು. ಹಗ್ಗ ನೀರಲ್ಲಿ ತೇಲುತ್ತದಲ್ಲ, ಯಾಕೆ? ಹಳದಿ ಡಬ್ಬಿಯ ಕೂಗು ಯಾರ ಕಿವಿಗೆ ಬೀಳುತ್ತದೆ? ಮೇಲಿನ ಉಪಗ್ರಹಕ್ಕೆ, ಅಲ್ಲಿಂದ ಫಿಜಿಗೆ, ಫಿಜಿಯಿಂದ ತಾರವಾಕ್ಕೆ. ಇದು ನಮ್ಮ ದೋಣಿಯೇ ಎಂದು ಅವರಿಗೆ ಹೇಗೆ ತಿಳಿಯುತ್ತದೆ? ಪ್ರತಿಯೊಂದು ಡಬ್ಬಿಯೂ ಒಂದೊಂದು ದೋಣಿಯ ಹೆಸರಿಗೆ, ಮನೆಯ ಫೋನಿಗೆ ಬರೆದಿರುತ್ತದೆ. ಕೊನೆಗೆ ಉರಿಯಾಮ್ ಬೆವರೊರೆಸಿಕೊಂಡು, “ಅಕ್ಕಾ, ದೋಣಿ ನಿಮಗೇ ಕೊಡಬೇಕಿತ್ತು” ಎಂದಿದ್ದ. ಎಲ್ಲರೂ ನಕ್ಕಿದ್ದರು. ಬೆಟೇರೊ ಆ ನಗುವಿಗೆ ಎಚ್ಚರಗೊಂಡಿದ್ದ.

“ಇಳಿ,” ಎಂದ ಈಗ ಮತ್ತೆ.

“ಚೀಲ ತುಂಬೋ ತನಕ ನೀನು ದಿಬ್ಬ ದಾಟೋ ಹಾಗಿಲ್ಲ. ಒಳಗಡಲಲ್ಲಿ ಏನು ಸಿಗುತ್ತೋ ಹಿಡ್ಕೋ.”

“ಒಳಗಡಲಲ್ಲಿ ಏನಿದೆ, ಚಿಪ್ಪುಮೀನು! ಅದನ್ನ ಹೆಂಗಸ್ರು ಆರಿಸ್ತಾರೆ.”

“ನನ್ನ ತಮ್ಮನ ದೋಣಿ ಸಿಕ್ಕಿದಾಗ ಹೇಗಿತ್ತು ಹೇಳು.”

ಬೆಟೇರೊ ಎಂಜಿನ್ನಿನ ಮೇಲಿಂದ ಕೈ ತೆಗೆದ. ಆ ದೋಣಿ ಸಿಕ್ಕಿದ್ದು ಎಷ್ಟೋ ದೂರದ ಇನ್ನೊಂದು ದ್ವೀಪದ ದಡದಲ್ಲಿ. ಎಂಜಿನ್ನಿನ ಮುಚ್ಚಳ ಬಿಚ್ಚಿತ್ತು. ಸ್ಪ್ಯಾನರುಗಳನ್ನೂ ಬೋಲ್ಟುಗಳನ್ನೂ ಸಾಲಾಗಿ, ಒಪ್ಪವಾಗಿ, ಬಟ್ಟೆಯ ಮೇಲೆ ಜೋಡಿಸಿಟ್ಟಿತ್ತು. ಜೋಡಿಸಿದವನು ಮಾತ್ರ ಇರಲಿಲ್ಲ.

ಬೆಟೇರೊ ದೋಣಿಯನ್ನು ದಡಕ್ಕೆಳೆದ.

*

ಆ ಸಂಜೆ ಪಕ್ಕದ ಮನೆಗಳಿಂದ ಮೀನು ಸುಡುವ ಹೊಗೆ ಎದ್ದಾಗ ಇವರ ಮನೆಯಲ್ಲಿ ಸುಟ್ಟ ಜೀಗುಜ್ಜೆ, ಅನ್ನ ಮತ್ತು ಡಬ್ಬಿಯ ದನದ ಮಾಂಸ. ಕಿನಾಯಜ್ಜಿ ತಟ್ಟೆಯನ್ನು ಮೂಗಿನ ಹತ್ತಿರ ತಂದು ನೋಡಿದಳು.

“ಇದು ಯಾವ ದೇಶದ ದನವೋ. ನಾನು ಮೀನು ತಿಂದು ಬೆಳೆದವಳು.”

“ನಾಳೇನೂ ಇದೇ ಅಜ್ಜಿ,” ಎಂದಳು ಮೊಮ್ಮಗಳು ರೂತಾ. ಹೈಸ್ಕೂಲಿನ ಹುಡುಗಿ, ಬಾಯಿ ಅಜ್ಜಿಯದೇ. “ಅಮ್ಮ ಸಮುದ್ರಕ್ಕೆ ಬೀಗ ಹಾಕಿದ್ದಾಳೆ.”

“ನಿಮ್ಮಮ್ಮ ಏನಾದ್ರೂ ಮಾಡ್ಲಿ. ಆದ್ರೆ ಕೊಟ್ಟಿದ್ದನ್ನ ವಾಪಸ್ ಕೊಡಿ ಅಂತ ಊರು ಸುತ್ತಿದ್ರೆ ನಾನು ಈ ಮನೇಲಿರಲ್ಲ. ನನ್ನ ಮಾವನ ಕಾಲದಿಂದ ಈ ಮನೇಲಿ ‘ಇಲ್ಲ’ ಅನ್ನೋ ಮಾತು ಹುಟ್ಟಿಲ್ಲ. ಸೈಕಲ್ ಕೇಳಿದ್ರು, ಕೊಟ್ವಿ. ಹೊಲಿಗೆ ಯಂತ್ರ ಕೇಳಿದ್ರು, ಕೊಟ್ವಿ.”

“ಹಲ್ಲಿನ ಸೆಟ್ಟು?” ರೂತಾ ಕೇಳಿದಳು.

“ಅದೂ ಕೇಳಿದ್ಲು ನಿನ್ನ ಸಣ್ಣಜ್ಜಿ. ಕೊಟ್ಟೆ. ಸರಿಹೋಗ್ಲಿಲ್ಲ ಅಂತ ಅವಳಾಗೇ ತಂದ್ಕೊಟ್ಲು.”

ಬೆಟೇರೊ ನಗು ತಡೆಯಲಾರದೆ ಕೆಮ್ಮಿದ. ಮಾಕುರೀಟಾ ಅನ್ನ ಬಡಿಸುವುದನ್ನು ನಿಲ್ಲಿಸಿದಳು.

“ವಾಪಸ್ ಕೊಡಿ ಅನ್ನಲ್ಲ ಅತ್ತೆ. ನಾನೂ ಬುಬುಸಿ ಅಂತೀನಿ. ಕೇಳಿದ್ದನ್ನ ಕೊಡಬೇಕು ಅಂತ ಅವರಿಗೂ ಇದೆಯಲ್ಲ?”

ಅಜ್ಜಿಯ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಆಮೇಲೆ ಅಗಿಯುತ್ತ ಯೋಚಿಸಿದಳು. “ಅದು... ತಪ್ಪೇನಲ್ಲ,” ಎಂದಳು. “ಆದ್ರೆ ಮೊದಲು ಟೀ ಕುಡಿದು ಆಮೇಲೆ ಕೇಳು. ಹೋದ ತಕ್ಷಣ ಕೇಳಿದ್ರೆ ಭಿಕ್ಷೆ ಅನ್ನಿಸುತ್ತೆ.”

ಮಾಕುರೀಟಾ ಹಾಗೇ ಮಾಡಿದಳು. ದಿನದ ಕೆಲಸ ಮುಗಿಸಿ, ಕೋಳಿಗೆ ಕೊಬ್ಬರಿ ಹಾಕಿ, ತಲೆ ಬಾಚಿಕೊಂಡು ಒಂದೊಂದು ಮನೆಗೆ ಹೋಗುವಳು. ಬೆಟೇರೊನ ಅಕ್ಕ ಕನ್ನಡಿಯನ್ನು ಅಡುಗೆಮನೆಯ ಕಂಬಕ್ಕೆ ಕಟ್ಟಿಕೊಂಡಿದ್ದಳು. “ಇದು ನಡುವೆ ಒಡೆದಿರೋ ಮಾಲು ಕಣೆ, ಸರ್ಕಾರದವ್ರು ಮೋಸ ಮಾಡಿದ್ದಾರೆ. ಮೂಗೇ ಕಾಣಲ್ಲ ಇದರಲ್ಲಿ” ಎಂದು ಬಿಚ್ಚಿಕೊಟ್ಟಳು. ವಾಲಿಬಾಲ್ ಹುಡುಗಿಯರು ಸೀಟಿ ಕೊಡಲು ಒಪ್ಪಿದರು, ಆದರೆ ಪಂದ್ಯ ಮುಗಿದ ಮೇಲೆ. ಹಾಗಾಗಿ ಒಂದು ವಾರ ಪಂದ್ಯ ನೋಡಬೇಕಾಯಿತು. ನೀರಿನ ಕ್ಯಾನಿನಲ್ಲಿ ಯಾರೋ ಸೀಮೆಎಣ್ಣೆ ತುಂಬಿದ್ದರು. ಎಷ್ಟು ತೊಳೆದರೂ ವಾಸನೆ ಹೋಗದೆ ಅವಳು ಬೇರೊಂದನ್ನು ಕೇಳಿ ತಂದಳು. ಎರಡನೆಯ ಜಾಕೆಟ್ ಮಗುವೊಂದರ ತೊಟ್ಟಿಲಾಗಿತ್ತು. ಮಗುವನ್ನು ಎತ್ತಿಕೊಳ್ಳಲು ಮನಸ್ಸು ಬಾರದೆ ಅದರ ತಾಯಿಯ ಜೊತೆ ಕೂತು ಚಾಪೆಯ ತೊಟ್ಟಿಲೊಂದನ್ನು ಹೆಣೆದುಕೊಟ್ಟು ತಂದಳು.

ಹಗ್ಗ ಸಿಕ್ಕಿದ್ದು ತೊರೊಮೊನ್ ಮನೆಯಲ್ಲಿ. ತೊರೊಮೊನ್ ಎಂದರೆ ಕಿನಾಯಜ್ಜಿಯ ಅಕ್ಕನ ಮಗ, ಬೆಟೇರೊಗೆ ಅಣ್ಣ, ಊರಲ್ಲೇ ಉದ್ದದ ನೀಲಿ ದೋಣಿಯ ಯಜಮಾನ. ತೇಲುವ ಆ ಹಗ್ಗದ ತುದಿಯಲ್ಲಿ ಅವನ ದೊಡ್ಡ ಹಂದಿ ಇತ್ತು.

“ತಗೊಳ್ಳಮ್ಮ, ನಿನ್ನದೇ ಹಗ್ಗ,” ಎಂದು ತೊರೊಮೊನ್ ಅಲ್ಲೇ ಬಿಚ್ಚಿದ. ಹಂದಿಯೂ ಹೊರಟಿತು. ಮಾಕುರೀಟಾ, ತೊರೊಮೊನ್, ಅವನ ಹೆಂಡತಿ, ಅವನ ಹೆಂಡತಿಯ ತಮ್ಮ ಎಲ್ಲರೂ ಚರ್ಚಿನ ಬಯಲಿನವರೆಗೆ ಅದರ ಹಿಂದೆ ಓಡಿದರು.

“ನೀವೂ ಆ ಪಾಠಕ್ಕೆ ಹೋಗಿ ಭಾವ,” ಎಂದಳು ಏದುಸಿರು ಬಿಡುತ್ತ. “ಮುಂದಿನ ತಿಂಗಳು ಉರಿಯಾಮ್ ಮತ್ತೆ ಬರ್ತಾನಂತೆ. ನಿಮ್ಮ ದೋಣಿಗೂ ಚೀಲ ಕೊಡ್ತಾನೆ.”

“ನಾನಾ? ಮೀಸೆ ಬರದ ಹುಡುಗರ ಜೊತೆ ಚಾಪೆ ಮೇಲೆ ಕೂತು, ಸಮುದ್ರ ಅಂದ್ರೇನು ಅಂತ ಕಲೀಬೇಕಾ?”

“ಸಮುದ್ರ ಅಲ್ಲ ಭಾವ, ಚೀಲ ಅಂದ್ರೇನು ಅಂತ.”

ಮನೆಗೆ ಬಂದು ಹೇಳಿದಾಗ ಕಿನಾಯಜ್ಜಿಗೆ ಹಗ್ಗದ ಮಾತು ಬೇಕಿರಲಿಲ್ಲ. “ಹಂದಿ ಎಷ್ಟು ದಪ್ಪ ಆಗಿದೆ?” ಎಂದು ಕೇಳಿದಳು. ಕೈಯಗಲಿಸಿ ತೋರಿಸಿದರೆ, “ಇನ್ನೂ ಸ್ವಲ್ಪ ಅಗಲಿಸು” ಎಂದಳು. “ಹೋದವಳು ಹಗ್ಗ ಕೇಳೋ ಬದಲು ಅದನ್ನ ಕೇಳಬಾರದಾಗಿತ್ತಾ? ಹಗ್ಗ ಹೇಗೂ ಅದರ ಜೊತೆ ಬರ್ತಿತ್ತು.”

*

ಚೀಲ ತುಂಬಿತು. ಬೆಟೇರೊ ದಿಬ್ಬ ದಾಟಿದ. ಜಾಕೆಟ್ ತೊಟ್ಟುಕೊಂಡು ಹೋಗುವವನನ್ನು ನೋಡಿ ದಡದ ಗಂಡಸರು, “ಏನೋ ಮದುಮಗ, ಹೆಣ್ಣು ಯಾವ ಊರದು?” ಎಂದು ಕೂಗಿದರು. ಅವನು ಕೈಬೀಸಿದ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮಾಕುರೀಟಾಳಿಗೆ ಹೇಳಿಯೇ ಹೊರಡುತ್ತಿದ್ದ. ಹೇಳದಿದ್ದರೆ ಅವಳು ದೋಣಿಯ ಮೂತಿಯಿಂದ ಇಳಿಯುತ್ತಿರಲಿಲ್ಲ.

ಒಂದು ಶನಿವಾರ ಅವನು ಹಿಂದಿರುಗುವ ಹೊತ್ತಿಗೆ ದಡದಲ್ಲಿ ನಿಂತಿದ್ದ ರೂತಾಳ ಮುಖದ ಮೇಲೆ ಫಳಕ್ಕನೆ ಬೆಳಕು ಬಿತ್ತು. ಹೋಯಿತು. ಮತ್ತೆ ಬಿತ್ತು. ದೋಣಿ ಇನ್ನೂ ತೆಂಗಿನ ಚಿಪ್ಪಿನಷ್ಟು ಚಿಕ್ಕದಾಗಿ ಕಾಣುತ್ತಿತ್ತು.

“ಅಮ್ಮಾ! ಅಪ್ಪ! ಅಪ್ಪ ಅಲ್ಲಿಂದ ಕನ್ನಡಿ ಬೆಳಕು ಹೊಡೀತಾ ಇದ್ದಾನೆ!”

ಮಾಕುರೀಟಾ ಓಡಿಬಂದು ಮಗಳ ಪಕ್ಕ ನಿಂತಳು. ಬೆಳಕು ಇಬ್ಬರ ಮೇಲೂ ಹರಿದಾಡಿ, ಹಿಂದಿನ ತೆಂಗಿನ ಮರಕ್ಕೇರಿ, ಬಟ್ಟೆ ಒಗೆಯುತ್ತಿದ್ದ ಅಜ್ಜಿಯ ಬೆನ್ನಿನ ಮೇಲೆ ಬಂದು ಕೂತಿತು. ಇಷ್ಟು ದೂರಕ್ಕೆ ಬರುತ್ತದಾ! ಇನ್ನೂ ಎಷ್ಟು ದೂರದಿಂದ ಬರಬಹುದು? ಮೋಡವಿದ್ದರೆ? ಚಂದ್ರನ ಬೆಳಕಿಗೂ ಆಗುತ್ತದಾ? ಬೆಟೇರೊ ದಡ ಸೇರುವಷ್ಟರಲ್ಲಿ ಅವಳ ಹತ್ತಿರ ಇಷ್ಟು ಪ್ರಶ್ನೆಗಳಿದ್ದವು.

“ಮೀನು ಎಷ್ಟು ಅಂತ ಕೇಳಲ್ಲ ಇವಳು,” ಎಂದ ಬೆಟೇರೊ ತಾಯಿಗೆ. ಅವತ್ತು ಹಸಿ ಟ್ಯೂನಾವನ್ನು ತೆಳ್ಳಗೆ ಸೀಳಿ, ನಿಂಬೆ ಹಿಂಡಿ, ತೆಂಗಿನ ಹಾಲು ಹಾಕಿ ಎಲ್ಲರೂ ಬೆರಳು ನೆಕ್ಕುತ್ತ ತಿಂದರು. ಅಜ್ಜಿ ಎರಡು ಸಲ ಬಡಿಸಿಕೊಂಡು, ಸೊಸೆಯ ಕಡೆ ನೋಡದೆ, “ಚೀಲ ಮೀನನ್ನೇನೂ ಓಡಿಸಿಲ್ಲ ಬಿಡು” ಎಂದಳು.

ಅದಾದ ಮೇಲೆ ದೋಣಿಯ ತಳದಲ್ಲಿ ಸೋರಿಕೆ ಕಾಣಿಸಿತು. ಬೆಟೇರೊ ದೋಣಿಯನ್ನು ಮರಳಿನ ಮೇಲೆ ಮಗುಚಿಹಾಕಿ, ಸೀಳಿದ್ದ ಹಲಗೆ ಕಿತ್ತು, ಹೊಸದು ಹೊಡೆಯಲು ಕೂತ. ಚೀಲ ಜಂತಿಗೆ ನೇತಾಡುತ್ತಿತ್ತು. ದಿನಾ ಗುಡಿಸುವಾಗ ಮಾಕುರೀಟಾ ಅದನ್ನು ಕೈಯಿಂದ ಒಮ್ಮೆ ಎತ್ತಿ ನೋಡಿ ಬಿಡುವಳು. ತೂಕ ಸರಿಯಾಗಿತ್ತು.

*

ಸೋಮವಾರ ನಸುಕಿನಲ್ಲಿ ನೀರಾ ಇಳಿಸಿದ ಚಿಪ್ಪುಗಳನ್ನು ಹೊತ್ತು ಬರುತ್ತಿದ್ದಾಗ ತೊರೊಮೊನ್ ಮತ್ತು ಅವನ ಹೆಂಡತಿಯ ತಮ್ಮ ನೀಲಿ ದೋಣಿಯನ್ನು ನೀರಿಗೆ ತಳ್ಳುತ್ತಿರುವುದು ಕಂಡಿತು. ಮಾಕುರೀಟಾ ನಿಂತಳು. ನಿಲ್ಲದೆ ಹೋದದ್ದು ಅವಳ ಜನ್ಮದಲ್ಲಿಲ್ಲ.

“ಎಲ್ಲಿಗೆ ಭಾವ ಇಷ್ಟು ಬೇಗ?”

“ಉತ್ತರದ ಆಳಕ್ಕೆ. ನಾಳೆ ಅಂದ್ಕೊಂಡಿದ್ವಿ, ಇವತ್ತೇ ಗಾಳಿ ಬಿದ್ದಿದೆ.”

“ಅಷ್ಟು ದೂರ? ನೀರು ಎಷ್ಟಿದೆ?”

“ಒಂದು ಕ್ಯಾನಿದೆ. ಸಂಜೆಗೆ ಬಂದ್ಬಿಡ್ತೀವಿ.”

“ಹುಟ್ಟು?”

“ಎಂಜಿನ್ ಇರೋವಾಗ ಹುಟ್ಟು ಯಾಕಮ್ಮ? ನೀನು ಪೊಲೀಸ್ ಆಗ್ಬೇಕಿತ್ತು.” ತೊರೊಮೊನ್ ನಕ್ಕು ಅಂಗಿಯ ಜೇಬು ತಟ್ಟಿಕೊಂಡ. “ಹೆದರಬೇಡ. ಇವತ್ತು ನಮ್ಮ ಹತ್ರಾನೂ ಇದೆ.”

ಏನು ಇದೆ ಎಂದು ಕೇಳುವಷ್ಟರಲ್ಲಿ ಎಂಜಿನ್ ಗುಡುಗಿತು. ಅವಳು ಶಿಲುಬೆಯ ಸರವಿರಬೇಕು ಎಂದುಕೊಂಡಳು.

ಮುಸ್ಸಂಜೆ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ರೂತಾ ಎತ್ತಿ, “ಅಪ್ಪಾ, ತಾರವಾದಿಂದ. ಪೊಲೀಸಂತೆ” ಎಂದು ಕೊಟ್ಟಳು. ಬೆಟೇರೊ ಎಡಗೈಯಲ್ಲಿ ಫೋನ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತ.

“ಹೌದು, ಬೆಟೇರೊ... ಹೌದು, ನನ್ನದೇ... ಇಲ್ಲ ಸಾರ್, ನಾನು ಮನೇಲಿದ್ದೀನಿ. ಊಟ ಮಾಡ್ತಾ ಇದ್ದೀನಿ... ದೋಣಿನಾ? ದೋಣಿ ಮಗುಚಿದೆ... ಅಯ್ಯೋ ಇಲ್ಲ ಇಲ್ಲ ಸಾರ್, ಮರಳ ಮೇಲೆ! ರಿಪೇರಿಗೆ!” ಒಂದು ಗಳಿಗೆ ಕೇಳಿಸಿಕೊಂಡ. ಅವನ ಕಿವಿ ಕೆಂಪಾಯಿತು. ಮೆಲ್ಲಗೆ ಹೆಂಡತಿಗೆ ಬೆನ್ನು ಹಾಕಿದ. “ಅದು... ಮಕ್ಕಳು ಆಟ ಆಡ್ತಾ ಒತ್ತಿರಬೇಕು ಸಾರ್. ಆರಿಸ್ತೀನಿ. ತಪ್ಪಾಯ್ತು. ಆಗಲಿ ಸಾರ್.”

ಫೋನ್ ಇಟ್ಟು ಅನ್ನಕ್ಕೆ ಕೈಹಾಕಿದ.

“ಏನು ಒತ್ತಿದ್ದು?” ಎಂದಳು ಮಾಕುರೀಟಾ.

“ಏನೂ ಇಲ್ಲ. ಹಳದಿ ಡಬ್ಬಿ ಕೂಗ್ತಾ ಇದೆಯಂತೆ. ತಪ್ಪಾಗಿ.”

“ಹಳದಿ ಡಬ್ಬಿ ಇಲ್ಲೇ ಇದೆಯಲ್ಲ.”

“ಹ್ಞೂಂ.”

“ಯಾವ ಮಕ್ಕಳು ಒತ್ತಿದ್ದು? ರೂತಾ, ನೀನು ಒತ್ತಿದ್ಯಾ?”

“ನನ್ನ ಕೈಗೆ ಎಟುಕಲ್ಲ ಅದು. ಇಲ್ಲಿ ಇರೋ ಮಗು ಅಂದ್ರೆ ಅಜ್ಜಿ ಒಬ್ಬಳೇ.”

ಮಾಕುರೀಟಾ ಎದ್ದು ಜಂತಿಯಿಂದ ಚೀಲ ಇಳಿಸಿದಳು. ಜಾಕೆಟ್ಟುಗಳು, ಖಾಲಿ ಕ್ಯಾನು, ಕನ್ನಡಿ, ಸೀಟಿ, ಹಗ್ಗ. ತಳದಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ದನದ ಮಾಂಸದ ಡಬ್ಬಿ ಚಾಪೆಯ ಮೇಲೆ ಉರುಳಿ ಅಜ್ಜಿಯ ಮೊಣಕಾಲಿಗೆ ತಾಗಿ ನಿಂತಿತು.

“ತೂಕ ಸರಿಯಾಗಿ ನೋಡಿ ಇಟ್ಟಿದ್ದೀಯ,” ಎಂದಳು ಮಾಕುರೀಟಾ.

“ಮಾಕು, ನಮ್ಮ ದೋಣಿ ಹೇಗೂ ಮಗುಚಿತ್ತು. ಅಣ್ಣ ನಿನ್ನೆ ಚರ್ಚಿಂದ ಬಂದು ಕೂತು ಕೇಳಿದ. ಎರಡೇ ದಿನಕ್ಕೆ ಅಂದ. ನಿಂಗೆ ಹೇಳಿದ್ರೆ ಜಗಳ. ಸರ್ಕಾರದ ವಸ್ತು ಕೊಟ್ಬಿಟ್ಟೆ ಅಂತ ಆ ಪೊಲೀಸಿಗೆ ಹೇಗೆ ಹೇಳ್ಲಿ? ಅಣ್ಣನ ಮನೆ ಮಕ್ಕಳೇ ಒತ್ತಿರ್ತಾವೆ. ಅಣ್ಣ ಹೋಗೋದು ನಾಳೆ.”

“ನಾಳೆ ಅಲ್ಲ,” ಎಂದಳು ಅವಳು. “ಇವತ್ತು ಹೋದ. ನಾನೇ ನೋಡಿದೆ. ಜೇಬು ತಟ್ಟಿ ತೋರ್ಸಿದ.”

ಬೆಟೇರೊನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಿನಾಯಜ್ಜಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ಏನಾಯ್ತೋ? ಯಾರಾದ್ರೂ ಬಿಡಿಸಿ ಹೇಳಿ.”

“ತೊರೊಮೊನ್ ದೊಡ್ಡಪ್ಪ ಕೂಗ್ತಾ ಇದ್ದಾನೆ ಅಜ್ಜಿ,” ಎಂದಳು ರೂತಾ. ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. “ಅಪ್ಪ ಅವರಿಗೆ, ಯಾರೂ ಕೂಗ್ತಾ ಇಲ್ಲ ಅಂತ ಹೇಳಿಬಿಟ್ಟ.”

ಮಾಕುರೀಟಾ ಬಂದ ಕರೆಯ ನಂಬರು ಹುಡುಕಿ ಒತ್ತಿದಳು. ಫೋನಿನಲ್ಲಿ ದುಡ್ಡಿಲ್ಲ ಎಂದು ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು.

ಪಕ್ಕದ ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು. ಚರ್ಚಿನ ಉಪದೇಶಿ ಮೊಆನಾಂಗ್, ಅವನ ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು ದೀಪದ ಸುತ್ತ ತಲೆಬಾಗಿ ಕೂತಿದ್ದರು. ಆ ಹೊತ್ತಿನಲ್ಲಿ ಬೀದಿಯಲ್ಲಿ ನಡೆಯುವವರೂ ನಿಲ್ಲುತ್ತಾರೆ. ಮಾಕುರೀಟಾ ನೇರ ಹೋಗಿ ಚಾಪೆಯ ಅಂಚಿನಲ್ಲಿ ಕೂತಳು. ಟೀ ಇಲ್ಲ, ಕುಶಲವಿಲ್ಲ.

“ಬುಬುಸಿ,” ಎಂದಳು. “ನಿಮ್ಮ ಫೋನು.”

ಮಕ್ಕಳೆಲ್ಲ ಕಣ್ಣು ಬಿಟ್ಟರು. ಉಪದೇಶಿ ಬಿಡಲಿಲ್ಲ. ಪ್ರಾರ್ಥನೆಯ ಸಾಲು ತುಂಡಾಗದಂತೆಯೇ ಜೇಬಿಗೆ ಕೈಹಾಕಿ, ಫೋನ್ ತೆಗೆದು, ದನಿ ಬಂದ ದಿಕ್ಕಿಗೆ ಚಾಚಿದ.

ಮನೆಯ ಫೋನಿನಲ್ಲಿದ್ದ ನಂಬರನ್ನು ಅದರಲ್ಲಿ ಒತ್ತಿ, “ಬೆಟೇರೊನ ಹೆಂಡತಿ ನಾನು,” ಎಂದು ಅವಳು ಅಲ್ಲೇ ಹೇಳತೊಡಗಿದಳು. ಅವರ ಆಮೆನ್‌ಗಿಂತ ಅವಳ ದನಿಯೇ ಜೋರಾಗಿತ್ತು. “ಒತ್ತಿದ್ದು ಮಕ್ಕಳಲ್ಲ ಸಾರ್. ಡಬ್ಬಿ ನಮ್ಮದು, ದೋಣಿ ಬೇರೆಯವರದು. ನಿಮ್ಮ ಹತ್ರ ನಮ್ಮ ಹಸಿರು ದೋಣಿ ಅಂತ ಬರೆದಿರುತ್ತೆ, ಅದನ್ನ ಹುಡುಕಬೇಡಿ. ನೀಲಿ ದೋಣಿ, ಪಕ್ಕದಲ್ಲಿ ಬಿಳಿ ಪಟ್ಟಿ, ಉದ್ದಕ್ಕಿದೆ. ಇಬ್ಬರು ಗಂಡಸರು. ಸೂರ್ಯ ಹುಟ್ಟೋ ಮೊದಲು ಹೋದ್ರು, ಉತ್ತರದ ಆಳಕ್ಕೆ. ನೀರು ಒಂದೇ ಕ್ಯಾನು. ಹುಟ್ಟಿಲ್ಲ, ಜಾಕೆಟ್ಟಿಲ್ಲ.”

ಆ ಕಡೆಯವನು ಬರೆದುಕೊಳ್ಳುತ್ತಿದ್ದ. “ಸಂಕೇತ ಇನ್ನೂ ಬರ್ತಾನೇ ಇದೆ,” ಎಂದ. “ಜಾಗ ಗುರುತಾಗಿರಲಿಲ್ಲ. ನಿಮ್ಮ ಯಜಮಾನರು ಮನೇಲಿದ್ದೀನಿ ಅಂದ್ರಲ್ಲ, ಫಿಜಿಗೆ ಅದನ್ನೇ ತಿಳಿಸೋದರಲ್ಲಿದ್ದೆ. ಅಮ್ಮಾ, ಇಷ್ಟೆಲ್ಲಾ ನಿಮಗೆ ಹೇಗೆ ಗೊತ್ತು?”

“ಕೇಳಿದ್ದೆ,” ಎಂದಳು ಮಾಕುರೀಟಾ.

*

ಮರುದಿನ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತೊರೊಮೊನ್‌ನ ಹೆಂಡತಿ ಬಂದು ಕಿನಾಯಜ್ಜಿಯ ಪಕ್ಕ ಕೂತಳು. ಬೆಟೇರೊ ಮಗುಚಿದ ದೋಣಿಯ ಬಳಿ ಸುತ್ತಿಗೆ ಹಿಡಿದು ಕೂತಿದ್ದ, ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಅವನಿಗೆ ಯಾರೂ ಬೈಯಲಿಲ್ಲ. ರೂತಾ ಎಳನೀರು ತಂದಿಟ್ಟಾಗ, “ನಿಮ್ಮಮ್ಮ ಏನಾದ್ರೂ ಅಂದ್ಲಾ?” ಎಂದು ಕೇಳಿದ.

“ಇಲ್ಲ. ನೀನು ಆ ಡಬ್ಬೀನ ಎಷ್ಟು ಚೆನ್ನಾಗಿ ಟವೆಲಲ್ಲಿ ಸುತ್ತಿದ್ದೆ ಅಂತ ನೋಡ್ತಾ ಕೂತಿದ್ದಾಳೆ.”

ಫೋನ್ ಬಂತು. ಸಿಕ್ಕಿದ್ದರು. ಉತ್ತರದ ಆಳದಿಂದ ಇನ್ನೂ ಆಚೆ, ಎಂಜಿನ್ ಕೆಟ್ಟು ಪಶ್ಚಿಮಕ್ಕೆ ತೇಲಿಹೋಗುತ್ತಿದ್ದ ನೀಲಿ ದೋಣಿಯನ್ನು ಆ ದಾರಿಯಲ್ಲಿದ್ದ ದೊಡ್ಡ ಮೀನು ಹಡಗೊಂದು ಹತ್ತಿರ ಹೋಗಿ ಎತ್ತಿಕೊಂಡಿತ್ತು. ತೊರೊಮೊನ್‌ನ ಹೆಂಡತಿ ಅಳಲು ಶುರುಮಾಡಿದಳು. ಕಿನಾಯಜ್ಜಿ ಅವಳ ಬೆನ್ನು ಸವರುತ್ತ, ಖಾಲಿ ಜಂತಿಯನ್ನೇ ನೋಡುತ್ತಿದ್ದಳು.

ವಾರ ಕಳೆದ ಮೇಲೆ ತೊರೊಮೊನ್ ತಾರವಾದಿಂದ ಬಂದ. ತುಟಿ ಒಡೆದಿತ್ತು, ಮೂಗಿನ ಸಿಪ್ಪೆ ಸುಲಿದಿತ್ತು. ಮೊದಲು ಮಾಕುರೀಟಾಳ ಮುಂದೆ ಬಂದು ನಿಂತು ಹಳದಿ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟ. ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದ. ಅವಳು ಕೂಡಿಸಿ ಟೀ ಕೊಟ್ಟಳು.

“ಒತ್ತಿದಾಗ ಸದ್ದು ಬಂತಾ ಭಾವ?”

“ಇಲ್ಲಮ್ಮ. ಒಂದು ಸಣ್ಣ ದೀಪ. ಮಿಣಿಮಿಣಿ ಅಂತಿತ್ತು, ಅಷ್ಟೇ.”

“ಯಾರಿಗೋ ಕೇಳಿಸ್ತಾ ಇದೆ ಅಂತ ಹೇಗೆ ಗೊತ್ತಾಯ್ತು?”

“ಗೊತ್ತಾಗ್ಲಿಲ್ಲ. ಅದೇ ಕಷ್ಟ. ಇವಳ ತಮ್ಮ ರಾತ್ರಿಯೆಲ್ಲಾ, ಕೇಳಿಸ್ತಾ ಇದೆಯಾ, ಕೇಳಿಸ್ತಾ ಇದೆಯಾ ಅಂತ ಅದನ್ನೇ ಕೇಳ್ತಿದ್ದ. ಬೆಳಿಗ್ಗೆ ಒಂದು ಹಡಗು ದೂರದಲ್ಲಿ ಹೋಯ್ತು. ಅಂಗಿ ಬೀಸಿದ್ವಿ. ನೋಡ್ಲಿಲ್ಲ.”

“ಕನ್ನಡಿ ಇದ್ದಿದ್ರೆ...”

“ಕನ್ನಡಿ ಇರ್ಲಿಲ್ಲ.” ಟೀಯ ಲೋಟವನ್ನು ತಿರುಗಿಸಿದ. “ನೀರೂ ಮುಗಿದಿತ್ತು. ಡಬ್ಬಿ ಒಂದಿದ್ರೆ ಸಾಕು ಅಂದ್ಕೊಂಡಿದ್ದೆ.”

ಬೆಟೇರೊ ತಲೆ ತಗ್ಗಿಸಿ ಕೂತಿದ್ದ. “ಅಣ್ಣ, ನಾನು ಮನೇಲಿದ್ದೀನಿ ಅಂತ ಅವರಿಗೆ...”

“ಗೊತ್ತು. ತಾರವಾದಲ್ಲಿ ಹೇಳಿದ್ರು. ಊಟ ಮಾಡ್ತಿದ್ದೀನಿ ಅಂದ್ಯಂತೆ.” ತೊರೊಮೊನ್ ಲೋಟ ಕೆಳಗಿಟ್ಟ. “ಏನು ಊಟ?”

“ಅನ್ನ. ಒಣಮೀನು.”

ಇಬ್ಬರೂ ನಗಲೋ ಬೇಡವೋ ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು.

ಒಮ್ಮೆ ಕೂಗಿದ ಡಬ್ಬಿ ಮತ್ತೆ ಕೂಗಲು ಹೊಸ ಬ್ಯಾಟರಿ ಬೇಕು. ಅದು ಬರುವವರೆಗೆ ಬೆಟೇರೊ ಒಳಗಡಲಲ್ಲೇ ಉಳಿದ. ಈ ಸಲ ದೋಣಿಯ ಮೂತಿಯ ಮೇಲೆ ಯಾರೂ ಕೂರಬೇಕಾಗಲಿಲ್ಲ. ಮತ್ತೆ ಚಿಪ್ಪುಮೀನು, ಮತ್ತೆ ಜೀಗುಜ್ಜೆ. ಕಿನಾಯಜ್ಜಿ ತಟ್ಟೆ ನೋಡಿ ನಿಟ್ಟುಸಿರಿಟ್ಟರೂ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಮಾತ್ರ, “ಹಂದಿ ಮಾಂಸದ ವಾಸನೆ ಹೇಗಿತ್ತು ಅನ್ನೋದೇ ಮರೆತುಹೋಗಿದೆ ನಂಗೆ. ಸಾಯೋ ಮೊದಲು ನೆನಪಾದ್ರೆ ಸಾಕು” ಎಂದಳು.

ಉರಿಯಾಮ್ ಪಾಠ ಮಾಡಲು ಬಂದಾಗ ಹೊಸ ಬ್ಯಾಟರಿ ತಂದು ಡಬ್ಬಿಗೆ ಹಾಕಿಕೊಟ್ಟ. ಅವನು ಎರಡು ದಿನ ಸಭಾಮನೆಯಲ್ಲಿ ಕೂತಿದ್ದ. ತೊರೊಮೊನ್ ಎರಡೂ ದಿನ ಆ ಬೀದಿಯಲ್ಲಿ ಹಾದುಹೋದ, ಒಳಗೆ ಹೋಗಲಿಲ್ಲ. ಉರಿಯಾಮ್ ಹೊರಟ ಮರುದಿನ, ಬಿಸಿಲೇರುವ ಹೊತ್ತಿಗೆ, ಅವನು ಹಂದಿಯೊಂದಿಗೆ ಬಂದ.

ಅದೇ ಹಂದಿ. ಮಾಕುರೀಟಾ ತೋರಿಸಿದ್ದಕ್ಕಿಂತ ಇನ್ನೂ ಅಗಲವಾಗಿತ್ತು. ನಾಲ್ಕು ಕಾಲನ್ನೂ ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿ, ಕೋಲಿಗೆ ತೂಗುಹಾಕಿ, ಅವನೂ ಅವನ ಹೆಂಡತಿಯ ತಮ್ಮನೂ ಹೊತ್ತು ತಂದು ಬೂಯಾದ ಮುಂದೆ ಇಳಿಸಿದರು. ಅದು ಒಮ್ಮೆ ಕಿರುಚಿ ಸುಮ್ಮನಾಯಿತು. ರೂತಾ ಓಡಿಬಂದಳು. ಬೆಟೇರೊ ಬಾಣಲೆಯಲ್ಲಿ ಬೇಯುತ್ತಿದ್ದುದನ್ನು ಬಿಟ್ಟು ಎದ್ದ.

“ಚಿಕ್ಕಮ್ಮ,” ಎಂದು ತೊರೊಮೊನ್ ಕಿನಾಯಜ್ಜಿಯ ಎದುರು ಚಾಪೆಯ ಮೇಲೆ ಕಾಲು ಮಡಚಿ ಕೂತ. “ಇದು ನಿಮಗೆ. ನಮ್ಮ ಜೀವ ಉಳಿಸಿದ ಮನೆ ಇದು.”

ಅಜ್ಜಿ ಹಂದಿಯನ್ನು ನೋಡಿದಳು. ಅದರ ಕತ್ತು, ಬೆನ್ನು, ತೊಡೆ. ಅವಳ ಕಣ್ಣು ಅದರ ಮೇಲೆ ನಿಧಾನವಾಗಿ ಹೋಗಿ ನಿಧಾನವಾಗಿ ಬಂತು. ಬಾಯಲ್ಲಿ ಹಲ್ಲಿನ ಸೆಟ್ಟು ಒಮ್ಮೆ ಟಕ್ಕೆಂದಿತು.

“ಮೇಷ್ಟ್ರು ಬಂದಿದ್ರಲ್ಲ, ಪಾಠಕ್ಕೆ ಹೋಗಿದ್ಯೇನೋ?”

“ಎಲ್ಲಿ ಚಿಕ್ಕಮ್ಮ. ಆ ಹುಡುಗರ ನಡುವೆ...”

“ಮತ್ತೆ ಯಾವಾಗ ಹೊರಡ್ತೀಯ?”

“ಗಾಳಿ ಚೆನ್ನಾ‌ಗಿದೆ. ನಾಳಿದ್ದು.” ತೊರೊಮೊನ್ ಕತ್ತು ಕೆರೆದುಕೊಂಡ. ಅವನ ಕಣ್ಣು ಮೇಲಕ್ಕೆ, ಜಂತಿಯ ಕಡೆಗೆ ಹೋಗಿ, ಮರ್ಯಾದೆಯಿಂದ ಕೆಳಗಿಳಿಯಿತು. “ಮೊದಲು ಹಂದಿ ತಗೊಳ್ಳಿ ಚಿಕ್ಕಮ್ಮ. ಒಳ್ಳೆ ಹಂದಿ. ನಿಮಗೋಸ್ಕರಾನೇ ಮೇಯಿಸಿದ್ದು.”

ಜಂತಿಯಲ್ಲಿ ಕಿತ್ತಳೆ ಚೀಲ ಭಾರವಾಗಿ, ಅಲುಗಾಡದೆ ನೇತಾಡುತ್ತಿತ್ತು. ಬೆಟೇರೊ ತಾಯಿಯನ್ನು ನೋಡಿದ. ಹಂದಿಯನ್ನು ಒಳಗೆ ಕರೆಸಿಕೊಂಡರೆ ಅದರ ಹಿಂದೆ ಯಾವ ಬುಬುಸಿ ಬಂದು ಕೂರುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಂದು ಕೂತ ಮೇಲೆ ಕೊಡದೆ ಇರುವಂತಿಲ್ಲ ಎಂಬುದೂ. ಏನನ್ನಾದರೂ ಕೇಳಲೆಂದು ಮಾಕುರೀಟಾ ಬಾಯಿ ತೆರೆದಳು. ಅಜ್ಜಿ ಕೈಯೆತ್ತಿ ಅವಳನ್ನು ತಡೆದಳು.

“ಬೇಡ,” ಎಂದಳು ಕಿನಾಯಜ್ಜಿ.

“ಚಿಕ್ಕಮ್ಮ?”

“ಹಂದಿ ಬೇಡ ನಮಗೆ. ಎತ್ಕೊಂಡು ಹೋಗು.”